ಸಪ್ತಾಪುರದ ಖಾನಾವಳಿ ಅವ್ವ

ಧಾರವಾಡದಲ್ಲಿ ಓದಿದವರು ಇಬ್ಬರು ಎಲ್ಲಾದರೂ ಭೇಟಿಯಾಗಲಿ, ಯಾವ ಕಾಲೇಜು, ಯಾವ ಮಾಸ್ತರರು ಎಂಬ ವಿಚಾರಣೆ ಮುಗಿಯುವ ಮೊದಲೇ ‘ಊಟಕ್ಕೆ ಎಲ್ಲಿ ಹೋಗ್ತಿದ್ರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. 1917ರಲ್ಲಿ ಕರ್ನಾಟಕ ಕಾಲೇಜು, 1947ರಲ್ಲಿ ಕೃಷಿ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ. ಒಂದರ ಹಿಂದೊಂದು ಇವೆಲ್ಲ ಶುರುವಾದಂತೆ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯ ಹಳ್ಳಿಯ ಹುಡುಗರು ಟ್ರಂಕು ಹೊತ್ತು ಈ ಊರಿಗೆ ಬಂದಿಳಿದರು. ಕೆಲವರಿಗೆ ಹಾಸ್ಟೆಲ್ ಸಿಕ್ಕಿತು. ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆಂದು ನಡೆಸಿದ ಪ್ರಸಾದ ನಿಲಯ ಇನ್ನು ಕೆಲವರನ್ನು ಕಾಯ್ದಿತು. ಊರಿನಿಂದ ಬಸ್ಸಿನಲ್ಲಿ ಬರುವ ಬುತ್ತಿಯ ಡಬ್ಬಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತವರಿಗೂ ಲೆಕ್ಕವಿಲ್ಲ. ಉಳಿದವರೆಲ್ಲ ಬಾಡಿಗೆಗೆ ಒಂದು ಖೋಲಿ ಹಿಡಿದು, ಹತ್ತಿರದ ಖಾನಾವಳಿಯಲ್ಲಿ ಹೆಸರು ಹಚ್ಚಿಸಿದರು. ನಾನೂ ಆ ಉಳಿದವರಲ್ಲಿ ಒಬ್ಬ.

ಖಾನಾವಳಿ ಎಂದರೆ ಬೀದಿಗೆ ಬಾಗಿಲು ತೆರೆದಿಟ್ಟ ಒಂದು ಮನೆ. ಪಡಸಾಲೆಯಲ್ಲಿ ಉಣ್ಣುವವರು, ಹಿಂದೆ ಅಡಿಗೆಮನೆ, ಅದರ ಹಿಂದೆ ಆ ಮನೆಯವರ ಸಂಸಾರ. ಮನೆಯವರಿಗೆ ಏನು ಮಾಡುತ್ತಾರೋ ಬಂದವರಿಗೂ ಅದೇ. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಎರಡು ಹೊತ್ತಿನ ಚಿಂತೆ ಹರಿಯಿತು. ಊಟದ ಬಗೆ ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಬಿಳಿಜೋಳದ ರೊಟ್ಟಿ, ಎಣಗಾಯಿ ಅಥವಾ ಝುಣಕ, ಒಂದು ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ-ಸಾರು. ಮಳೆಗಾಲದಲ್ಲಿ ಪುಂಡಿಪಲ್ಯ. ಹೆಸರು ಹೇಳುತ್ತ ಹೋದರೆ ಇದೆಲ್ಲ ಸರಳವೆನ್ನಿಸಬಹುದು. ದಿನಾ ನೂರಾರು ರೊಟ್ಟಿ ಬಡಿಯುವ ಮನೆಯಲ್ಲಿ ಸರಳವಾದದ್ದು ಯಾವುದೂ ಇಲ್ಲ.

ನಮ್ಮ ಖಾನಾವಳಿ ಸಪ್ತಾಪುರದ ಒಂದು ಓಣಿಯಲ್ಲಿತ್ತು. ಬೋರ್ಡಿನ ಮೇಲೆ ದೇವರ ಹೆಸರು, ಗಲ್ಲೆಯ ಮೇಲೆ ದೊಡ್ಡ ಮಗ. ಅದನ್ನು ನಡೆಸಿದವಳು ಅವ್ವ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಹಾಲಿನವ, ಕಿರಾಣಿ ಅಂಗಡಿಯ ಶೆಟ್ಟರು, ಹೆಸರು ಹಚ್ಚಿದ ಹುಡುಗರು, ಎಲ್ಲರಿಗೂ ಆಕೆ ಅವ್ವ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು, ಓಣಿಯ ಖೋಲಿಗಳಲ್ಲಿದ್ದ ಇಬ್ಬರು ಹುಡುಗರಿಗೆ ಊಟ ಹಾಕುವುದರಿಂದ ಆಕೆ ಶುರುಮಾಡಿದ್ದಳಂತೆ. ನಾನು ಹೋಗುವ ಹೊತ್ತಿಗೆ ಮಧ್ಯಾಹ್ನ ಮೂರು ಪಂಕ್ತಿ ಏಳುತ್ತಿದ್ದವು.

ಹೊಸಬರು ಹೊಸ್ತಿಲ ಹತ್ತಿರ ಹಿಂಜರಿದರೆ ಒಳಗಿನಿಂದಲೇ ದನಿ ಬರುತ್ತಿತ್ತು: ‘ಬಾರೋ ತಮ್ಮಾ, ಅಲ್ಲ್ಯಾಕ ನಿಂತಿ? ಕೈಕಾಲು ತೊಳಕೊಂಡು ಕುಂದ್ರು.’ ಮೊದಲು ಕೇಳುತ್ತಿದ್ದುದು ಊರು. ಅಂದಿನಿಂದ ಆ ಹುಡುಗನಿಗೆ ಊರೇ ಹೆಸರು. ‘ಏ ಮುಧೋಳ, ನಿನಗ ಖಾರ ಕಡಿಮಿ ಆತೇನು?’ ‘ಹಾನಗಲ್ಲಿನವರು ಅನ್ನದ ಮಂದಿ, ಅವಂಗ ಅನ್ನ ಜಾಸ್ತಿ ಹಾಕ್ರೇ.’ ಜಾತಿ ಕೇಳಿದ್ದನ್ನು ನಾನು ನೋಡಲಿಲ್ಲ. ಇದು ಸಣ್ಣ ಮಾತಲ್ಲ. ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಖಾನಾವಳಿ, ಮರಾಠಾ ಖಾನಾವಳಿ ಎಂದು ಬೋರ್ಡಿನ ಮೇಲೆಯೇ ಬರೆದುಕೊಂಡು ಬಂದ ವ್ಯವಸ್ಥೆ ಇದು. ಯಾರ ಕೈಯಡಿಗೆ ಯಾರು ಉಣ್ಣಬೇಕು, ಯಾರ ಪಕ್ಕ ಯಾರು ಕೂಡಬೇಕು ಎಂಬುದೆಲ್ಲ ಆ ಒಂದು ಹಲಗೆಯಲ್ಲಿ ಅಡಗಿತ್ತು. ಅವ್ವ ಅದರ ಬಗ್ಗೆ ಭಾಷಣ ಮಾಡಲಿಲ್ಲ. ತಾಟು ಹಾಕಿಸಿ ಸಾಲಾಗಿ ಕೂಡ್ರಿಸಿದಳು. ಕೊನೆಯ ಪಂಕ್ತಿಯಲ್ಲಿ ಮನೆಯ ಹೆಣ್ಣುಮಕ್ಕಳೂ ತಡವಾಗಿ ಬಂದ ಹುಡುಗರೂ ಒಟ್ಟಿಗೆ ಉಣ್ಣುತ್ತಿದ್ದರು. ನನಗೆ ಆಕೆಯ ದೊಡ್ಡತನ ಕಂಡದ್ದು ಅಲ್ಲಿ.

ರೊಟ್ಟಿಯ ಮಾತಿಗೆ ಬರುತ್ತೇನೆ, ಯಾಕೆಂದರೆ ಅದನ್ನು ಮಾತ್ರ ಅವ್ವ ಕೊನೆಯವರೆಗೂ ಪೂರ್ತಿ ಯಾರ ಕೈಗೂ ಬಿಟ್ಟುಕೊಡಲಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಹಿಡಿದುಕೊಳ್ಳುವ ಗುಣವಿಲ್ಲ. ಕುದಿಯುವ ಎಸರನ್ನು ಹಿಟ್ಟಿನ ನಡುವಿನ ಗುಂಡಿಗೆ ಹೊಯ್ದು, ಬಿಸಿ ಆರುವುದರೊಳಗೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಒಮ್ಮೆಲೇ ಎಲ್ಲ ಹಿಟ್ಟು ನಾದಿಡುವಂತಿಲ್ಲ, ನಾಲ್ಕೈದು ರೊಟ್ಟಿಗಾಗುವಷ್ಟು ಮಾತ್ರ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿರುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಅವ್ವ ಗಿರಣಿಯಿಂದ ಬಂದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ‘ಇದು ಹ್ವಾದ ವರ್ಷದ ಜ್ವಾಳ’ ಎಂದು ಹೇಳಿಬಿಡುತ್ತಿದ್ದಳು. ಮುದ್ದೆಯನ್ನು ಒಣಹಿಟ್ಟಿನ ಮೇಲಿಟ್ಟು ಒಂದು ಅಂಗೈಯಿಂದ ಬಡಿಯುತ್ತ ಹೋದಂತೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಕಾದ ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುತ್ತಿದ್ದಂತೆ ಮಗುಚಿ, ಕಡೆಗೆ ಕೆಂಡಕ್ಕೆ ಆನಿಸಿದರೆ ಉಬ್ಬಿ ನಿಲ್ಲುತ್ತದೆ. ಸವರುವುದು ಒಂದು ಚಣ ತಡವಾದರೆ ಉಬ್ಬುವುದಿಲ್ಲ. ಮಿಕ್ಕದ್ದನ್ನು ಒಲೆಯ ಸುತ್ತ ಆನಿಸಿ ಕಡಕ್ ಮಾಡಿ, ಬಿಳಿ ಅರಿವೆಯಲ್ಲಿ ಸುತ್ತಿ ಬುಟ್ಟಿಗೆ ಒಟ್ಟುತ್ತಿದ್ದರು. ಪರೀಕ್ಷೆ ಮುಗಿಸಿ ಊರಿಗೆ ಹೊರಟ ಹುಡುಗರ ಚೀಲಕ್ಕೆ ಬೀಳುತ್ತಿದ್ದುದು ಅದೇ ರೊಟ್ಟಿ, ಜೊತೆಗೊಂದು ಹಿಂಡಿಯ ಪೊಟ್ಟಣ.

ಬಡಿಯುವಾಗ ಆಕೆಯ ಬಾಯಿಗೆ ಬಿಡುವಿರಲಿಲ್ಲ. ಏಣಗಿ ಬಾಳಪ್ಪನವರ ಕಂಪನಿಯ ನಾಟಕಗಳನ್ನು ಹರೆಯದಲ್ಲಿ ನೋಡಿದವಳು, ರಂಗಗೀತೆಗಳು ಬಾಯಿಪಾಠ. ರೊಟ್ಟಿಯ ಬಡಿತಕ್ಕೆ ಹಾಡಿನ ಲಯ ಕೂಡಿಸಿ ಹಾಡುತ್ತ, ನಡುವೆ ನಿಲ್ಲಿಸಿ ‘ಉಪ್ಪು ಹಾಕಿದಿ ಏನ ಪಲ್ಯಾಕ?’ ಎಂದು ಸೊಸೆಯನ್ನು ಕೇಳಿ, ಬಿಟ್ಟ ಕಡೆಯಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದಳು.

ನಾಗರ ಪಂಚಮಿಗೆ ಊರಿಗೆ ಹೋಗಲಾಗದವರಿಗೆ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸುವಳು. ತಂಬಿಟ್ಟಿನ ಉಂಡಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ಹೆಣ್ಣುಮಕ್ಕಳ ಹಬ್ಬ ಎಂದು ಹುಡುಗರು ನಾಚಿ ಗೋಡೆಗೆ ಆತು ನಿಂತಿದ್ದರೆ, ಅರವತ್ತು ದಾಟಿದ ಅವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಮೇಲೆ ತಾನೇ ನಿಂತು ಜೀಕಿದಳು. ಟೊಂಗೆಯ ಎಲೆಗೆ ಕಾಲು ಮುಟ್ಟಿಸಿ ಇಳಿದ ಮೇಲೆ ಹೇಳಿದ್ದು: ‘ನೀವು ಗಂಡಸ್ರು ಬರೇ ನೋಡಾಕ ಹುಟ್ಟೀರೇನು? ಹತ್ತ್ರೋ!’ ಆಮೇಲೆ ಕತ್ತಲಾಗುವತನಕ ಜೋಕಾಲಿ ಖಾಲಿ ಇರಲಿಲ್ಲ.

ಲೆಕ್ಕದಲ್ಲಿ ಆಕೆ ಗಟ್ಟಿಗಿತ್ತಿ. ಮೊಳೆಗೆ ನೇತುಹಾಕಿದ ವಹಿಯಲ್ಲಿ ಪ್ರತಿ ಊಟಕ್ಕೂ ಗೀಟು ಬೀಳುತ್ತಿತ್ತು. ಆದರೆ ಒಕ್ಕಲುತನದ ಮನೆಯಿಂದ ಬಂದವಳಿಗೆ ಒಕ್ಕಲಿಗರ ಕೈಯಲ್ಲಿ ದುಡ್ಡು ಯಾವಾಗ ಆಡುತ್ತದೆ ಎಂಬುದು ತಿಳಿದಿತ್ತು. ಹಿಂಗಾರಿ ಜೋಳ ರಾಶಿಯಾಗುವತನಕ ಬಾಕಿ ನಿಲ್ಲಿಸಿಕೊಂಡಳು. ಮಳೆ ಕೈಕೊಟ್ಟ ವರ್ಷ ಕೇಳಲೇ ಇಲ್ಲ. ರೊಕ್ಕದ ಬದಲು ಜೋಳದ ಚೀಲ ಇಳಿಸಿ ಹೋದ ತಂದೆಯರಿದ್ದರು. ಅವರನ್ನು ಉಣ್ಣದೆ ಹೋಗಗೊಟ್ಟಿದ್ದಿಲ್ಲ. ಗೀಟು ಹೊಡೆಯದೆ ಬಿಟ್ಟ ಊಟಗಳೆಷ್ಟೋ. ಅದು ಗಲ್ಲೆಯ ಮೇಲಿದ್ದ ಮಗನಿಗೂ ಗೊತ್ತಿತ್ತು, ಅವನು ಸುಮ್ಮನಿರುತ್ತಿದ್ದ.

ಹೆಂಗಸರ ಈ ದುಡಿಮೆ ನಮ್ಮ ಕಡೆಗಷ್ಟೇ ಸೇರಿದ್ದಲ್ಲ. ಮುಂಬೈಯ ಗಿರಣಿ ಕಾರ್ಮಿಕರಿಗೆ ತಮ್ಮ ಸಣ್ಣ ಖೋಲಿಗಳಲ್ಲೇ ಅಡಿಗೆ ಮಾಡಿ ಬಡಿಸಿದವರೂ ಖಾನಾವಳಿಯ ಹೆಂಗಸರೇ. ಸಾಹುಕಾರರ ಬಡ್ಡಿಯಲ್ಲಿ ಸಿಕ್ಕಿಬಿದ್ದಿದ್ದ ಅವರನ್ನು ಒಗ್ಗೂಡಿಸಿ, ಬ್ಯಾಂಕಿನ ಸಾಲ ಕೊಡಿಸಿ, ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅಲ್ಲಿ ಅದು ಉದ್ಯೋಗ ಎನಿಸಿತು, ಲೆಕ್ಕಕ್ಕೆ ಬಂತು. ನಮ್ಮ ಅವ್ವನ ಬೆನ್ನಿಗೆ ಇದ್ದದ್ದು ಶೆಟ್ಟರ ಅಂಗಡಿಯ ಉದ್ರಿ ಮತ್ತು ಅವಳ ಎರಡು ಕೈ. ಧಾರವಾಡದ ವಿದ್ಯೆಯ ಚರಿತ್ರೆ ಬರೆಯುವವರು ಕಾಲೇಜು ಕಟ್ಟಿದವರನ್ನು, ದಾನ ಕೊಟ್ಟವರನ್ನು ನೆನೆಯುತ್ತಾರೆ. ನೆನೆಯಲೇಬೇಕು. ಆ ಹುಡುಗರು ಹಸಿದು ಊರಿಗೆ ವಾಪಸಾಗದಂತೆ ನೋಡಿಕೊಂಡ ಇಂಥ ಹೆಂಗಸರಿಗೂ ಅದೇ ಪುಟದಲ್ಲಿ ಜಾಗ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅವ್ವ ಈಗಿಲ್ಲ. ಸುದ್ದಿ ತಿಳಿದು ಮಣ್ಣಿಗೆ ಬಂದವರಲ್ಲಿ ತಹಶೀಲ್ದಾರರಿದ್ದರು, ಸಾಲಿ ಮಾಸ್ತರರಿದ್ದರು, ಹೊಲ ಮಾಡಿಕೊಂಡಿದ್ದವರಿದ್ದರು. ಒಬ್ಬರಿಗೊಬ್ಬರು ಗುರುತು ಹೇಳಿಕೊಂಡದ್ದು ಅವ್ವ ಕೊಟ್ಟ ಊರಿನ ಹೆಸರಿನಿಂದಲೇ.

ಖಾನಾವಳಿಯನ್ನು ಈಗ ಕಿರಿಯ ಸೊಸೆ ನಡೆಸುತ್ತಾಳೆ. ಸಪ್ತಾಪುರ ಇಂದು ಕೋಚಿಂಗ್ ಸೆಂಟರುಗಳ, ಪಿಜಿಗಳ ಓಣಿಯಾಗಿದೆ, ಓದುವವರು ಮೊದಲಿಗಿಂತ ಹೆಚ್ಚಾಗಿದ್ದಾರೆ. ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಹೊರಗಿನಿಂದ ಕಟ್ಟುಗಟ್ಟಲೆ ಕಡಕ್ ರೊಟ್ಟಿ ತರಿಸುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳಿಗೆ ಅದರಿಂದ ಮನೆಯಲ್ಲೇ ಕೆಲಸ ಸಿಕ್ಕಿದೆ. ಬಿಸಿರೊಟ್ಟಿಯನ್ನು ಮಾತ್ರ ಈ ಸೊಸೆ ಇಂದಿಗೂ ಕೈಯಲ್ಲೇ ಬಡಿಯುತ್ತಾಳೆ. ಹೊಗೆ, ಬೆಂಕಿಯ ಝಳ, ಕುಕ್ಕರಗಾಲಲ್ಲಿ ಕೂತು ಹಿಡಿದ ಮೊಣಕಾಲು, ಅತ್ತೆಗಿದ್ದದ್ದೆಲ್ಲ ಆಕೆಗೂ ಇದೆ.

ಹುಬ್ಬಳ್ಳಿ-ಧಾರವಾಡ, ಗದಗ, ವಿಜಯಪುರದ ಕಡೆ ಹೋದಾಗ ಇಂಥ ಒಂದು ಖಾನಾವಳಿಯನ್ನು ಹುಡುಕಿ ಹೋಗಿ. ಮಧ್ಯಾಹ್ನ ಹನ್ನೆರಡೂವರೆ, ಒಂದರೊಳಗೆ ಹೋದರೆ ಒಳ್ಳೆಯದು, ಹಂಚಿನಿಂದ ಇಳಿದ ರೊಟ್ಟಿ ನೇರ ತಾಟಿಗೆ ಬರುತ್ತದೆ. ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಬೇಡ. ಗಲ್ಲೆಯಲ್ಲಿ ದುಡ್ಡು ಕೊಟ್ಟ ಮೇಲೆ ಅಡಿಗೆಮನೆಯ ಬಾಗಿಲಿಗೆ ಹೋಗಿ, ರೊಟ್ಟಿ ಬಡಿದಾಕೆಗೆ ಊಟ ಚೆನ್ನಾಗಿತ್ತು ಎಂದು ಹೇಳಿ ಬನ್ನಿ. ಅಲ್ಲಿವರೆಗೆ ಹೋಗಿ ಹೇಳುವವರು ಬಹಳ ಕಡಿಮೆ.