ಒಂದು ಜೊತೆ ಓಲೆಗೆ ಎಷ್ಟು ಬೆಲೆ ಹಾಕಬೇಕು? ಸ್ಟಾಲ್ ಬುಕ್ ಮಾಡುವ ಮುಂಚೆ ಮಾಡಬೇಕಾದ ಲೆಕ್ಕ

ಈ ಸಲದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ಅಂಕಿಗಳನ್ನೆಲ್ಲ ಇಲ್ಲಿ ಮತ್ತೆ ಹಾಕಿದ್ದೀನಿ, ನಿಧಾನವಾಗಿ ನೋಡಿಕೊಳ್ಳಬಹುದು.

ನಾನು ವಾರದಲ್ಲಿ ಐದು ದಿನ ಕೋಡ್ ಬರೆಯೋಳು, ಉಳಿದ ಎರಡು ದಿನ ಸಯನ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಇಕ್ಕಳ ಹಿಡಿದು ಓಲೆ, ಸರ ಮಾಡೋಳು. ಬೆಂಗಳೂರು, ಪುಣೆ, ಹೈದರಾಬಾದಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಎರಡೇ: "ಮೇಳದಲ್ಲಿ ಸ್ಟಾಲ್ ಹಾಕಿದ್ರೆ ಎಷ್ಟು ಉಳಿಯುತ್ತೆ?" ಮತ್ತು "ಕೆಲಸ ಬಿಟ್ಟು ಇದನ್ನೇ ಮಾಡಬಹುದಾ?" ಎರಡಕ್ಕೂ ಉತ್ತರ ಇರೋದು ಒಂದೇ ಲೆಕ್ಕದಲ್ಲಿ. ನಾವು ಸಂಬಳದವರು ಈ ಲೆಕ್ಕ ಸರಿಯಾಗಿ ಮಾಡದಿದ್ರೆ ಪೆಟ್ಟು ಬೀಳೋದು ನಮಗಿಂತ ಹೆಚ್ಚಾಗಿ ಪಕ್ಕದ ಸ್ಟಾಲಿನವರಿಗೆ. ಅದು ಹೇಗೆ ಅಂತಲೂ ಹೇಳ್ತೀನಿ.

ಸಾಮಾನು ಎಲ್ಲಿಂದ?

ಈ ಕಸುಬಿಗೆ ಸಯನ್ ಒಳ್ಳೆ ಜಾಗ. ಸ್ಲೋ ಲೋಕಲ್ ಹತ್ತಿ ಮಸ್ಜಿದ್‌ನಲ್ಲಿ ಇಳಿದರೆ ಅಬ್ದುಲ್ ರೆಹಮಾನ್ ಸ್ಟ್ರೀಟ್, ಭುಲೇಶ್ವರದ ಗಲ್ಲಿಗಳು ಹತ್ತಿರ. ಹುಕ್, ಪಿನ್, ರಿಂಗ್, ಗಾಜಿನ ಮಣಿ ಎಲ್ಲ ಅಲ್ಲಿ ತೂಕದ ಲೆಕ್ಕದಲ್ಲೋ ಪ್ಯಾಕೆಟ್ ಲೆಕ್ಕದಲ್ಲೋ ಸಿಗುತ್ತೆ. ದಾದರ್‌ನಲ್ಲಿ ಗಾಡಿ ಬದಲಿಸಿದರೆ ಮಲಾಡ್. ಇಮಿಟೇಶನ್ ಆಭರಣದ ದೊಡ್ಡ ಹೋಲ್‌ಸೇಲ್ ವ್ಯಾಪಾರ ಅಲ್ಲಿದೆ. ಈ ಕಡೆ ಧಾರಾವಿಯ 90 ಅಡಿ ರಸ್ತೆಗೆ ಹೋದರೆ ಕುಂಭಾರವಾಡ, ಅಂದರೆ ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರ ಕೇರಿ. ಮಣ್ಣಿನ ಆಭರಣ ಮಾಡುವ ಆಸೆ ಇದ್ದವರು ಅಲ್ಲಿಗೆ ಒಮ್ಮೆ ಹೋಗಿ ಬರಬೇಕು.

ನನ್ನ ಮುಖ್ಯ ಸಾಮಾನು ಮಾತ್ರ ಊರ ಕಡೆಯದು: ಚನ್ನಪಟ್ಟಣದ ಅರಗಿನ ಮಣಿ. ಬೊಂಬೆ ಮಾಡುವ ಆಲೆ ಮರದಿಂದಲೇ ಈ ಮಣಿಯನ್ನೂ ಮಾಡ್ತಾರೆ. ಮರದ ತುಂಡು ಚರಕಿಯಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಒಣಗಿದ ಕೇದಗೆ ಜಾತಿಯ ಗರಿಯಿಂದ ಉಜ್ಜಿ ಹೊಳಪು ತರ್ತಾರೆ. ಚನ್ನಪಟ್ಟಣದ ಬೊಂಬೆಗಳಿಗೆ ಜಿಐ ಮಾನ್ಯತೆ ಇದೆ. ಬೇರೆ ಎಲ್ಲೋ ಪೇಂಟ್ ಹೊಡೆದ ಮರದ ಮಣಿಯನ್ನ "ಚನ್ನಪಟ್ಟಣದ್ದು" ಅಂತ ಮಾರುವ ಹಾಗಿಲ್ಲ. ಎಲ್ಲಿಂದ ತಂದಿರಿ ಅಂತ ಗಿರಾಕಿ ಕೇಳಿದಾಗ ತೋರಿಸೋಕೆ ಬಿಲ್ ಇಟ್ಟುಕೊಳ್ಳಿ.

ಹುಕ್ ವಿಚಾರದಲ್ಲಿ ಮಾತ್ರ ಅಗ್ಗಕ್ಕೆ ಹೋಗಬೇಡಿ. ಅಗ್ಗದ ಹುಕ್‌ನಲ್ಲಿ ನಿಕಲ್ ಇದ್ದರೆ ಕೆಲವರ ಕಿವಿ ಕೆರೆತ ಬಂದು, ಕೆಂಪಾಗಿ, ನೀರು ಸೋರುತ್ತೆ. ಯುರೋಪಿನಲ್ಲಿ ಚುಚ್ಚಿದ ಜಾಗಕ್ಕೆ ಹಾಕುವ ಲೋಹದಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡಬಾರದು ಅಂತ ಮಿತಿಯೇ ಇದೆ. 316ಎಲ್ ಸ್ಟೀಲಿನಲ್ಲೂ ನಿಕಲ್ ಇರುತ್ತೆ, ಆದರೆ ಹೊರಗೆ ಬಿಡೋದು ತುಂಬಾ ಕಡಿಮೆ. ಹಾಗಾಗಿ ಸ್ಟೀಲ್ ಹುಕ್ ಹಾಕಿ "ನಿಕಲ್ ಇಲ್ಲವೇ ಇಲ್ಲ" ಅಂತ ಬೋರ್ಡ್ ಬರೆಯಬೇಡಿ, "316ಎಲ್ ಸ್ಟೀಲ್" ಅಂತಲೇ ಬರೆಯಿರಿ. 925 ಬೆಳ್ಳಿ ಅಂದರೆ ಅದರಲ್ಲಿ 92.5% ಬೆಳ್ಳಿ ಇರಬೇಕು. ಬೆಳ್ಳಿ ನೀರು ಕೊಟ್ಟ ಹಿತ್ತಾಳೆ ಬೆಳ್ಳಿ ಅಲ್ಲ.

ಒಂದು ಜೊತೆಯ ಅಸಲು

ಈಗ ಲೆಕ್ಕ. ಅಂಕಿಗಳನ್ನ ಉದಾಹರಣೆಗೆ ಅಂತ ತಗೊಳ್ಳಿ, ನಿಮ್ಮ ಸಾಮಾನಿಗೆ ತಕ್ಕಂತೆ ಬದಲಾಯಿಸಿ.

- ಮಣಿ, ಹುಕ್, ಪಿನ್, ರಿಂಗ್: ₹32
- ಕಾರ್ಡ್ ಮತ್ತು ಪುಟ್ಟ ಚೀಲ: ₹8
- ಮುರಿದದ್ದು, ಕೆಟ್ಟದ್ದು, ಕಳೆದದ್ದು (ಮೇಲಿನ ₹40ಕ್ಕೆ 10%): ₹4
- ಮಾಡೋಕೆ 18 ನಿಮಿಷ, ಗಂಟೆಗೆ ₹150ರಂತೆ: ₹45

ಒಟ್ಟು ₹89. ಗಂಟೆಗೆ ₹150 ಎಲ್ಲಿಂದ ಬಂತು? ನಿಮ್ಮ ಆಫೀಸಿನ ಸಂಬಳದ ದರ ಹಾಕಿದರೆ ಓಲೆ ಮಾರೋಕಾಗಲ್ಲ. ಸೊನ್ನೆ ಹಾಕಿದರೆ ಅದು ವ್ಯಾಪಾರ ಅಲ್ಲ. ಇದೇ ಕೆಲಸಕ್ಕೆ ಕೈ ಪಳಗಿದ ಇನ್ನೊಬ್ಬರನ್ನ ಕೂರಿಸಿದರೆ ಅವರಿಗೆ ಮರ್ಯಾದೆಯಾಗಿ ಎಷ್ಟು ಕೊಡಬೇಕು, ಅದನ್ನ ಹಾಕಿ.

ಎರಡು ದಿನದ ಸ್ಟಾಲಿನ ಖರ್ಚು

- ಬಾಡಿಗೆ: ₹8,000
- ಟ್ಯಾಕ್ಸಿ, ಹೋಗಿ ಬರೋಕೆ: ₹1,000
- ಊಟ, ತಿಂಡಿ, ಕೈಸಹಾಯಕ್ಕೆ ಬಂದವರಿಗೆ: ₹1,000
- ಲೈಟು, ಬಟ್ಟೆ, ಕನ್ನಡಿ, ಬೋರ್ಡು (ಒಂದು ಮೇಳದ ಪಾಲು): ₹500
- ನೀವು ನಿಂತಿದ್ದ 20 ಗಂಟೆ, ₹150ರಂತೆ: ₹3,000

ಒಟ್ಟು ₹13,500. ಒಂದು ಓಲೆಯೂ ಹೋಗದಿದ್ದರೂ ಇದು ಖರ್ಚಾಗಿಯೇ ಆಗುತ್ತೆ.

ಒಂದು ಜೊತೆ ಮಾರಿದಾಗ ಬೆಲೆಯಿಂದ ₹89 ಕಳೆದು ಉಳಿಯೋದು ಈ ₹13,500ನ್ನ ತುಂಬಬೇಕು. ಹಾಗಾದರೆ ಎಷ್ಟು ಜೊತೆ ಮಾರಿದರೆ ಅಸಲು ಹುಟ್ಟುತ್ತೆ?

- ₹350ಕ್ಕೆ ಮಾರಿದರೆ ಜೊತೆಗೆ ₹261 ಉಳಿಕೆ: 52 ಜೊತೆ
- ₹250ಕ್ಕೆ ಮಾರಿದರೆ ₹161 ಉಳಿಕೆ: 84 ಜೊತೆ
- ₹150ಕ್ಕೆ ಮಾರಿದರೆ ₹61 ಉಳಿಕೆ: 222 ಜೊತೆ

ಕೊನೆಯ ಸಾಲು ನೋಡಿ. 20 ಗಂಟೆಯಲ್ಲಿ 222 ಜೊತೆ ಅಂದರೆ ಐದೂವರೆ ನಿಮಿಷಕ್ಕೆ ಒಂದು. ಗಿರಾಕಿ ಬಂದು, ನಾಲ್ಕು ಜೊತೆ ಕಿವಿಗಿಟ್ಟು, ಕನ್ನಡಿ ನೋಡಿ, ಗೆಳತಿಗೆ ಫೋಟೋ ಕಳಿಸಿ, ಉತ್ತರ ಬಂದ ಮೇಲೆ ಯುಪಿಐ ಮಾಡೋ ಅಷ್ಟರಲ್ಲಿ ಐದೂವರೆ ನಿಮಿಷ ಎಲ್ಲಿ ಹೋಯ್ತೋ ಗೊತ್ತಾಗಲ್ಲ. ಆಗದ ಮಾತು ಅದು.

ಚೌಕಾಶಿ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ₹350ರ ಓಲೆಗೆ ₹50 ಬಿಟ್ಟರೆ ಗಿರಾಕಿಗೆ ಅದು 14% ರಿಯಾಯಿತಿ, ನಿಮಗೆ ₹261ರ ಉಳಿಕೆಯಲ್ಲಿ 19% ಕಡಿತ. "ಎರಡು ತಗೊಂಡ್ರೆ ಇಷ್ಟು" ಅಂತ ಮೊದಲೇ ಬರೆದಿಡೋದು ವಾಸಿ.

ಸಂಬಳದವರ ₹150, ಕಸುಬಿನವರ ₹150

ಹಾಗಾದ್ರೆ ಮೇಳಗಳಲ್ಲಿ ಅಷ್ಟೊಂದು ಜನ ₹150ಕ್ಕೆ ಹೇಗೆ ಮಾರ್ತಾರೆ? ತಮ್ಮ ಸಮಯವನ್ನ ಸೊನ್ನೆ ಅಂತ ಹಿಡಿದು. ಮಾಡಿದ ಕೂಲಿ ಬಿಟ್ಟರೆ ಅಸಲು ₹44, ನಿಂತ ಕೂಲಿ ಬಿಟ್ಟರೆ ಸ್ಟಾಲ್ ಖರ್ಚು ₹10,500. ಆಗ ₹150ಕ್ಕೆ 100 ಜೊತೆ ಮಾರಿದರೆ ಅಸಲು ಹುಟ್ಟಿದ ಹಾಗೆ ಕಾಣುತ್ತೆ. 222 ಮತ್ತು 100ರ ನಡುವಿನ ಆ ಅಂತರವನ್ನ ತುಂಬ್ತಿರೋದು ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳೋ ಸಂಬಳ.

ಒಂದು ಮೇಳದಲ್ಲಿ ನನ್ನ ಪಕ್ಕ ಮರದ ಸಾಮಾನು ಇಟ್ಟಿದ್ದ ಹಿರಿಯರೊಬ್ಬರು ಎದುರಿನ ಸ್ಟಾಲ್ ತೋರಿಸಿ ಹೇಳಿದ್ರು: "ನೋಡಮ್ಮ, ಅವರಿಗೆ ತಿಂಗಳಾದ್ರೆ ಸಂಬಳ ಬರುತ್ತೆ, ನೂರಕ್ಕೂ ಕೊಡ್ತಾರೆ. ನಾನು ನೂರಕ್ಕೆ ಕೊಟ್ರೆ ಊರಿಗೆ ವಾಪಸ್ ಹೋಗೋ ಚಾರ್ಜೂ ಹುಟ್ಟಲ್ಲ. ಗಿರಾಕಿ ಬಂದು, ಅಲ್ಲಿ ನೂರು, ನಿಮ್ಮದ್ಯಾಕೆ ಮುನ್ನೂರು ಅಂತ ನನ್ನ ಕೇಳ್ತಾರೆ." ಅವರ ದನಿಯಲ್ಲಿ ಜಗಳ ಇರಲಿಲ್ಲ. ಲೆಕ್ಕ ಇತ್ತು, ಅಷ್ಟೆ.

ನನಗೆ ಇದು ಬರೀ ಬೆಲೆಯ ಪ್ರಶ್ನೆ ಅಲ್ಲ ಅನಿಸೋದು ಅದಕ್ಕೇ. ನಾವು ಹವ್ಯಾಸಕ್ಕೆ ಮಾಡಬಹುದು, ತಪ್ಪೇನಿಲ್ಲ. ಆದರೆ ನಾವು ಹಾಕಿದ ಬೆಲೆ ನಮ್ಮ ಮೇಜಿನ ಮೇಲೆ ಮಾತ್ರ ನಿಲ್ಲಲ್ಲ, ಆ ಮೇಳದ ಬೆಲೆಯೇ ಆಗುತ್ತೆ. ಈ ಕಸುಬಲ್ಲೇ ಮನೆ ನಡೆಸೋರು ಆ ಬೆಲೆಗೆ ಇಳಿಯಬೇಕಾಗುತ್ತೆ, ಇಲ್ಲ ಅಂದ್ರೆ ಮೇಳಕ್ಕೆ ಬರೋದನ್ನೇ ನಿಲ್ಲಿಸಬೇಕಾಗುತ್ತೆ. ಅವರು ಮಣಿ ಕಡೆಯೋದು ನಿಲ್ಲಿಸಿದರೆ ನಾವು ಪೋಣಿಸೋಕೆ ಏನು ಉಳಿಯುತ್ತೆ?

ಕಡಿಮೆ ಬೆಲೆಯ ವಸ್ತು ಬೇಡ ಅಂತಲ್ಲ. ₹150ಕ್ಕೆ ಮಾರಬೇಕಾದರೆ ಆ ಬೆಲೆ ತಡೆಯುವ ವಸ್ತು ಮಾಡಿ. ಒಂದೇ ಮಣಿಯ ಚಿಕ್ಕ ಟಾಪ್ಸ್: ಸಾಮಾನು, ಪ್ಯಾಕಿಂಗ್ ಸೇರಿ ₹22, ಐದು ನಿಮಿಷದ ಕೂಲಿ ₹13, ಒಟ್ಟು ₹35. ಉಳಿಕೆ ₹115. ಈಗ 30 ಜೊತೆ ಓಲೆ (₹7,830) ಮತ್ತು 50 ಜೊತೆ ಟಾಪ್ಸ್ (₹5,750) ಹೋದರೆ ₹13,580. ಯಾರ ಕೂಲಿಯನ್ನೂ ನುಂಗದೆ ಅಸಲು ಹುಟ್ಟಿತು.

ಯಾವ ಮೇಳ?

ಎಲ್ಲ ಮೇಳವೂ ಎಲ್ಲರಿಗಲ್ಲ. ಮಹಾಲಕ್ಷ್ಮಿ ಸರಸ್ ಗ್ರಾಮೀಣ ಮಹಿಳಾ ಸ್ವಸಹಾಯ ಸಂಘಗಳಿಗಾಗಿ ಮಹಾರಾಷ್ಟ್ರ ಸರ್ಕಾರ ನಡೆಸುವಂಥದ್ದು. ಗಾಂಧಿ ಶಿಲ್ಪ ಬಜಾರ್ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ 'ಪೆಹಚಾನ್' ಕಾರ್ಡ್ ಇರುವ ಕುಶಲಕರ್ಮಿಗಳಿಗೆ. ಅಲ್ಲಿಗೆ ನಾವು ಕೊಳ್ಳೋಕೆ ಹೋಗೋಣ. 1999ರಿಂದ ನಡೀತಿರೋ ಕಾಲಾ ಘೋಡಾ ಉತ್ಸವದಂಥ ದೊಡ್ಡ ಕಡೆ ಅರ್ಜಿ ಹಾಕೋ ಮುಂಚೆ ಒಂದು ವರ್ಷ ಬರೀ ನೋಡೋಕೆ ಹೋಗಿ ಬನ್ನಿ. ಯಾವ ಸ್ಟಾಲ್ ಮುಂದೆ ಜನ ನಿಲ್ತಾರೆ, ಯಾವ ಬೆಲೆಗೆ ಕೈ ಚೀಲಕ್ಕೆ ಹೋಗುತ್ತೆ ಅಂತ ಗಮನಿಸಿ.

ನಮ್ಮಂಥವರಿಗೆ ಮೊದಲ ಮೆಟ್ಟಿಲು ಅಂದರೆ ಆಫೀಸಿನ ದೀಪಾವಳಿ ಮೇಳ, ಹೌಸಿಂಗ್ ಸೊಸೈಟಿಯ ಮೇಳ. ಮಾಟುಂಗ, ಸಯನ್ ಸುತ್ತಮುತ್ತ ಕನ್ನಡದವರ ಕಾರ್ಯಕ್ರಮಗಳಿಗೇನೂ ಕೊರತೆ ಇಲ್ಲ. ಸಭಾಂಗಣದ ಹೊರಗೆ ಒಂದು ಮೇಜು ಹಾಕಿಕೊಳ್ಳಬಹುದಾ ಅಂತ ಕೇಳಿ ನೋಡಿ. ಮುಂಬೈ ಮಳೆಗಾಲದಲ್ಲಿ ಬಯಲಿನ ಮೇಳ ಮರೆತುಬಿಡಿ. ಆ ತಿಂಗಳುಗಳ ತೇವಕ್ಕೆ ಪಾಲಿಶ್ ಕೊಟ್ಟ ಲೋಹ ಬೇಗ ಕಪ್ಪಾಗುತ್ತೆ, ಜಿಪ್ ಕವರಿನಲ್ಲಿ ಹಾಕಿಡಿ.

ಕೆಲವು ಮೇಳದವರು ಬಾಡಿಗೆ ಬದಲು ಕಮಿಷನ್ ಕೇಳ್ತಾರೆ. 20% ಅಂದ್ರೆ ₹350ರಲ್ಲಿ ₹70. ₹8,000 ಬಾಡಿಗೆಗೆ ಸಮ ಆಗಬೇಕಾದರೆ 114 ಜೊತೆಗೂ ಹೆಚ್ಚು ಹೋಗಬೇಕು. ಅಷ್ಟು ಹೋಗುತ್ತೆ ಅನ್ನೋ ಧೈರ್ಯ ಇಲ್ಲದಿದ್ದರೆ ಕಮಿಷನ್ ವಾಸಿ.

ಕಾಗದ ಪತ್ರ

ಸರಕು ಮಾರುವವರಿಗೆ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ವರ್ಷದ ವಹಿವಾಟು ₹40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಈ ಮಿತಿ 2019ರ ಏಪ್ರಿಲ್‌ನಿಂದ ಇದೆ. ರಾಜ್ಯ ದಾಟಿ ಮಾರಿದರೆ ನಿಯಮ ಬೇರೆ. ಮುಂಬೈಯಿಂದ ಬೆಂಗಳೂರಿನ ಮೇಳಕ್ಕೆ ಸಾಮಾನು ಒಯ್ಯುವಾಗ ಸರ್ಕಾರ ಪಟ್ಟಿ ಮಾಡಿದ ಕರಕುಶಲ ವಸ್ತುಗಳಿಗೆ ₹20 ಲಕ್ಷದವರೆಗೆ ವಿನಾಯಿತಿ ಇದೆ. ಆದರೆ ಪ್ಯಾನ್ ಬೇಕು, ಮೊತ್ತ ಎಷ್ಟೇ ಚಿಕ್ಕದಿರಲಿ ಇ-ವೇ ಬಿಲ್ ಬೇಕು. ನಿಮ್ಮ ವಸ್ತು ಆ ಪಟ್ಟಿಯಲ್ಲಿ ಬರುತ್ತಾ ಅಂತ ಸಿಎ ಒಬ್ಬರನ್ನ ಕೇಳಿಕೊಳ್ಳಿ. ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸಣ್ಣ ವ್ಯಾಪಾರಿಗಳು ನೋಂದಣಿ ಇಲ್ಲದೆ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಇದೆ, ಆದರೆ ಸ್ವಂತ ರಾಜ್ಯದ ಒಳಗೆ ಮಾತ್ರ. ಅದಕ್ಕೂ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ತಗೋಬೇಕು. ಉದ್ಯಮ್ ನೋಂದಣಿ ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ.

ಸಂಬಳದವರಿಗೆ ಇನ್ನೆರಡು ಮಾತು. ವ್ಯಾಪಾರದ ಆದಾಯ ಬಂದ ಮೇಲೆ ಐಟಿಆರ್-1 ನಡೆಯಲ್ಲ. ಐಟಿಆರ್-3, ಅಥವಾ ಅಂದಾಜು ಪದ್ಧತಿಯಲ್ಲಾದರೆ ಐಟಿಆರ್-4 ನೋಡಬೇಕು. ಇನ್ನೊಂದು, ನಿಮ್ಮ ನೇಮಕಾತಿ ಪತ್ರ ತೆಗೆದು "ಬೇರೆ ಉದ್ಯೋಗ, ವ್ಯಾಪಾರ" ಅನ್ನೋ ಸಾಲು ಓದಿ. 2022ರ ಮೂನ್‌ಲೈಟಿಂಗ್ ಗಲಾಟೆ ಎದ್ದಿದ್ದು ಪ್ರತಿಸ್ಪರ್ಧಿ ಕಂಪನಿಗಳಿಗೆ ಕೆಲಸ ಮಾಡಿದವರ ಬಗ್ಗೆ. ಆದರೂ ಕೆಲವು ಪತ್ರಗಳಲ್ಲಿ ಯಾವ ವ್ಯಾಪಾರವೂ ಕೂಡದು ಅಂತಿರುತ್ತೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಒಪ್ಪಿಗೆ ಬರಹದಲ್ಲಿ ತಗೊಂಡು ಇಟ್ಟುಕೊಳ್ಳಿ.

ಕೆಲಸ ಬಿಡಬಹುದಾ?

ಒಳ್ಳೆಯ ಮೇಳ ಒಂದನ್ನೇ ಹಿಡಿಯಿರಿ: ₹350ರ ಓಲೆ 80 ಜೊತೆ ಹೋಯ್ತು. ಉಳಿಕೆ ₹20,880, ಸ್ಟಾಲ್ ಖರ್ಚು ಕಳೆದರೆ ₹7,380. ಮಾಡಿದ ಕೂಲಿ ₹3,600, ನಿಂತ ಕೂಲಿ ₹3,000 ನಿಮ್ಮದೇ ಅಲ್ವಾ? ಸೇರಿಸಿದರೆ ಕೈಗೆ ₹13,980. ಅದಕ್ಕೆ ಮಾಡಿದ 24 ಗಂಟೆ, ನಿಂತ 20 ಗಂಟೆ, ಒಟ್ಟು 44 ಗಂಟೆ. ಖರೀದಿಗೆ ಓಡಾಡಿದ್ದು ಲೆಕ್ಕಕ್ಕಿಲ್ಲ. ಅಕ್ಟೋಬರಿನಿಂದ ಫೆಬ್ರವರಿವರೆಗೆ ತಿಂಗಳಿಗೆ ಇಂಥ ಎರಡು ಮೇಳ ಅಂದರೆ ಹತ್ತು ಮೇಳ, ವರ್ಷಕ್ಕೆ ₹1,39,800. ಸಯನ್‌ನಲ್ಲಿ ಬಾಡಿಗೆ ಮನೆ ಮಾಡಿ, ಊರಿಗೂ ದುಡ್ಡು ಕಳಿಸೋರು ಈ ಅಂಕಿಯನ್ನ ತಮ್ಮ ಇಎಂಐ ಪಕ್ಕ ಇಟ್ಟು ನೋಡಲಿ. ಮೇಳ ಒಂದನ್ನೇ ನಂಬಿ ರಾಜೀನಾಮೆ ಬರೆಯೋ ಅಂಕಿ ಅಲ್ಲ ಇದು. ವರ್ಷವಿಡೀ ಆರ್ಡರ್ ಬರೋ ಅಂಗಡಿಗಳು, ಮತ್ತೆ ಮತ್ತೆ ಬರೋ ಗಿರಾಕಿಗಳು ಸಿಕ್ಕ ಮೇಲೆ ಲೆಕ್ಕ ಮತ್ತೆ ಹಾಕಿ.

ಅಲ್ಲಿವರೆಗೆ ಸಂಬಳ ಇರೋದು ನಮ್ಮ ಅದೃಷ್ಟ. ಆ ಅದೃಷ್ಟವನ್ನ ಬೆಲೆ ಇಳಿಸೋಕೆ ಬಳಸಬೇಡಿ. ಒಳ್ಳೆ ಹುಕ್ ಹಾಕೋಕೆ, ಮಣಿ ಮಾಡಿದವರಿಗೆ ಕೇಳಿದಷ್ಟು ಕೊಡೋಕೆ, ಮಾರಾಟ ಕಮ್ಮಿಯಾದ ದಿನವೂ ಬೆಲೆ ಬಿಡದೆ ನಿಲ್ಲೋಕೆ ಬಳಸಿ.

ನಿಮ್ಮ ಅಂಕಿಗಳನ್ನ ಹಾಕಿ ನೋಡಿ, ಎಷ್ಟು ಜೊತೆಗೆ ಅಸಲು ಹುಟ್ಟುತ್ತೆ ಅಂತ ಕೆಳಗೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಅವನ್ನೇ ಇಟ್ಟುಕೊಂಡು ಮಾತಾಡೋಣ.