ಗೂಡ್ಸ್ ಗಾಡಿ ಓಡಿಸಲು ಯಾವ ಲೈಸೆನ್ಸ್ ಬೇಕು?



ಈಚೆಗೆ ಬರಡು ರಾಸು ತಪಾಸಣಾ ಶಿಬಿರಗಳಲ್ಲಿ ಹಸುವಿನ ವಿಚಾರ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತಿದೆ. "ಡಾಕ್ಟ್ರೇ, ಮನೇಲಿ ಗಾಡಿ ಇದೆ, ಡ್ರೈವರ್ ಸಿಗಲ್ಲ. ನಾವೇ ಓಡಿಸಬಹುದಾ? ಅದಕ್ಕೆ ಬೇರೆ ಲೈಸೆನ್ಸ್ ಬೇಕಂತಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಸಂಜೆ ಹಾಲು ಕರೆಯುವವರೆಗೆ ನಾಲ್ಕೈದು ಗಂಟೆ ಉಳಿಯುತ್ತದೆ. ಆ ಹೊತ್ತಿನಲ್ಲಿ ಮೇವು, ಪಶು ಆಹಾರ, ತರಕಾರಿ ಸಾಗಿಸಿದರೆ ಮನೆಗೆ ಇನ್ನೊಂದು ಆದಾಯ. ಹಸುವಿನ ಸಾಲ ಒಂದು ಕಡೆ, ಗಾಡಿಯ ಕಂತು ಇನ್ನೊಂದು ಕಡೆ ಇರುವ ಮನೆಗೆ ಇದು ಸಣ್ಣ ವಿಚಾರವಲ್ಲ. ಆದರೆ ಲೈಸೆನ್ಸ್ ವಿಚಾರದಲ್ಲಿ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ. ಇಲ್ಲಿ ಹೇಳಿರುವುದು ನಾಲ್ಕು ಚಕ್ರದ ಸರಕು ಗಾಡಿಯ ವಿಚಾರ ಮಾತ್ರ.

ಮೊದಲು ಆರ್‌ಸಿ ನೋಡಿ

ಯಾವ ಲೈಸೆನ್ಸ್ ಬೇಕೆಂಬುದನ್ನು ನಿರ್ಧರಿಸುವುದು ಗಾಡಿಯ ಒಟ್ಟು ತೂಕ, ಅಂದರೆ ಖಾಲಿ ಗಾಡಿಯ ತೂಕಕ್ಕೆ ಅದು ಹೊರಬಹುದಾದ ಭಾರವನ್ನು ಸೇರಿಸಿದ ತೂಕ. ಇದು ಆರ್‌ಸಿಯಲ್ಲಿ ಬರೆದಿರುತ್ತದೆ. ಈ ತೂಕ 7,500 ಕೆ.ಜಿ. ಒಳಗಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಟಾಟಾ ಏಸ್, ಬೊಲೆರೊ ಪಿಕಪ್ ಎಲ್ಲವೂ ಈ ಮಿತಿಗಿಂತ ಬಹಳ ಕೆಳಗಿವೆ. ಅದಕ್ಕಿಂತ ದೊಡ್ಡ ಟೆಂಪೋ ಆದರೆ ಆರ್‌ಸಿ ನೋಡಿಯೇ ಹೇಳಬೇಕು.

ಹಿಂದೆ ಗೊಂದಲ ಇದ್ದದ್ದು ಇಲ್ಲಿಯೇ. ಹಳದಿ ಬೋರ್ಡಿನ ಗಾಡಿಗೆ ಎಲ್‌ಎಂವಿ ಸಾಲದು, ಅದರ ಮೇಲೆ 'ಟ್ರಾನ್ಸ್‌ಪೋರ್ಟ್' ಎಂಬ ನಮೂದು ಬೇಕು ಎಂದು ವಿಮಾ ಕಂಪನಿಗಳು ವಾದಿಸುತ್ತಿದ್ದವು. ಅಪಘಾತವಾದಾಗ ಇದೇ ಕಾರಣ ಹೇಳಿ ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್ ಚಾಲಕರ ಪರವಾಗಿ ತೀರ್ಪು ಕೊಟ್ಟಿತು. ಅದು ಮತ್ತೆ ಪ್ರಶ್ನೆಗೆ ಒಳಗಾಗಿ, 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅಂತಿಮವಾಗಿ ಹೇಳಿತು: ಎಲ್‌ಎಂವಿ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ವಾಹನವನ್ನೂ ಓಡಿಸಬಹುದು, ಬೇರೆ ನಮೂದು ಬೇಕಿಲ್ಲ.

ಆದ್ದರಿಂದ ಏಸ್ ಅಥವಾ ಪಿಕಪ್ ಓಡಿಸಲು "ಬ್ಯಾಡ್ಜ್ ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ಹಣ ಕೇಳಿದರೆ ಕೊಡುವ ಅಗತ್ಯವಿಲ್ಲ. ಆದರೆ ಬ್ಯಾಟರಿಯ ಇ-ಕಾರ್ಟ್ ಮತ್ತು ಗ್ಯಾಸ್, ಪೆಟ್ರೋಲಿನಂತಹ ಅಪಾಯಕಾರಿ ಸರಕಿನ ಗಾಡಿಗಳಿಗೆ ವಿಶೇಷ ನಿಯಮಗಳು ಹಾಗೆಯೇ ಇವೆ. ಹಾಲು ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಅನೇಕರ ಬಳಿ ಸ್ಕೂಟಿಯ ಲೈಸೆನ್ಸ್ ಇದೆ. ಅದರಲ್ಲಿ ಗೂಡ್ಸ್ ಗಾಡಿ ಓಡಿಸುವಂತಿಲ್ಲ. ಕಾರ್ಡಿನಲ್ಲಿ ಎಲ್‌ಎಂವಿ ಎಂದು ಇದೆಯೇ ನೋಡಿಕೊಳ್ಳಿ.

ಎಲ್‌ಎಂವಿ ಲೈಸೆನ್ಸ್ ಪಡೆಯುವ ಹಂತಗಳು

1. ವಯಸ್ಸು: ಎಲ್‌ಎಂವಿ ಲೈಸೆನ್ಸಿಗೆ 18 ತುಂಬಿರಬೇಕು. ಸರಕು ವಾಹನ ಓಡಿಸಲು ಕಾಯ್ದೆಯಲ್ಲಿ 20 ವರ್ಷ ಎಂದಿದೆ. ಮಗಳಿಗೆ ಕಲಿಸುವುದಾದರೆ 18ಕ್ಕೆ ಲೈಸೆನ್ಸ್ ಮಾಡಿಸಿ, ಗೂಡ್ಸ್ ಗಾಡಿಯನ್ನು 20ರ ನಂತರ ಕೊಡುವುದು ಕ್ಷೇಮ.

2. ಓದು: ಸರಕು ವಾಹನದ ಚಾಲಕರು ಎಂಟನೇ ತರಗತಿ ಓದಿರಬೇಕೆಂಬ ನಿಯಮ ಹಿಂದೆ ಇತ್ತು. ಅದನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರೂ ಅರ್ಜಿ ಹಾಕಬಹುದು. ರಸ್ತೆ ಚಿಹ್ನೆಗಳನ್ನು ಮಾತ್ರ ಚೆನ್ನಾಗಿ ಕಲಿತಿರಬೇಕು.

3. ಎಲ್‌ಎಲ್‌ಆರ್: ಸಾರಿಗೆ ಇಲಾಖೆಯ 'ಸಾರಥಿ' ಜಾಲತಾಣದಲ್ಲಿ ಅರ್ಜಿ ಹಾಕಬೇಕು. ವಯಸ್ಸು ಮತ್ತು ವಿಳಾಸದ ದಾಖಲೆ ಬೇಕು. 40 ವರ್ಷ ದಾಟಿದವರು ವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ತರಬೇಕು. (ಇದಕ್ಕೆ ಜನರ ಡಾಕ್ಟರ ಸಹಿಯೇ ಬೇಕು, ನನ್ನ ಸಹಿ ನಡೆಯುವುದಿಲ್ಲ!) ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಆ ಅವಧಿಯಲ್ಲಿ ಗಾಡಿಗೆ 'ಎಲ್' ಬೋರ್ಡ್ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು.

4. ಚಾಲನಾ ಪರೀಕ್ಷೆ: ಎಲ್‌ಎಲ್‌ಆರ್ ಸಿಕ್ಕಿ 30 ದಿನ ಕಳೆದ ಮೇಲೆ, ಅದರ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಕೊಡಬೇಕು. ಹಿಂದಕ್ಕೆ ತೆಗೆಯುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡುವುದು, ಇವೆರಡನ್ನು ಚೆನ್ನಾಗಿ ಅಭ್ಯಾಸ ಮಾಡಿ.

5. ಶುಲ್ಕ: ಕೇಂದ್ರ ನಿಯಮದಂತೆ ಎಲ್‌ಎಲ್‌ಆರ್‌ಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200, ಒಟ್ಟು 700 ರೂ. ಸ್ಕೂಟಿಯ ಲೈಸೆನ್ಸಿಗೆ ಎಲ್‌ಎಂವಿ ಸೇರಿಸುವುದಾದರೆ ಆ ಸೇರ್ಪಡೆಯ ಶುಲ್ಕ 500 ರೂ. ಸೇವಾ ಶುಲ್ಕ ಮತ್ತು ಡ್ರೈವಿಂಗ್ ಶಾಲೆಯ ಖರ್ಚು ಬೇರೆ. ಸರ್ಕಾರಕ್ಕೆ ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ ಪಡೆಯಿರಿ.

6. ಅವಧಿ: 30ರಿಂದ 50 ವರ್ಷದೊಳಗಿನವರಿಗೆ ಲೈಸೆನ್ಸ್ 10 ವರ್ಷ ನಡೆಯುತ್ತದೆ. ಮುಗಿಯುವ ತಾರೀಖನ್ನು ಹಾಲಿನ ಪಾಸ್‌ಪುಸ್ತಕದ ಮೇಲೆ ಬರೆದಿಟ್ಟುಕೊಳ್ಳಿ.

ದೊಡ್ಡ ಲಾರಿ, ಟ್ಯಾಂಕರ್ ಓಡಿಸುವುದಾದರೆ

ಬಿಎಂಸಿಯಿಂದ ಡೇರಿಗೆ ಹಾಲು ಒಯ್ಯುವ ದೊಡ್ಡ ಟ್ಯಾಂಕರು, ಹುಲ್ಲಿನ ಲಾರಿ ಇವುಗಳ ಒಟ್ಟು ತೂಕ 7,500 ಕೆ.ಜಿ. ಮೀರುತ್ತದೆ. ಇವಕ್ಕೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕೇ ಬೇಕು. ಎಲ್‌ಎಂವಿ ಲೈಸೆನ್ಸ್ ಪಡೆದು ಕನಿಷ್ಠ 1 ವರ್ಷ ಆಗಿರಬೇಕು, 20 ವರ್ಷ ತುಂಬಿರಬೇಕು, ಮಾನ್ಯತೆ ಪಡೆದ ಡ್ರೈವಿಂಗ್ ಶಾಲೆಯ ತರಬೇತಿ ಪ್ರಮಾಣಪತ್ರ ಮತ್ತು ವೈದ್ಯರ ಪ್ರಮಾಣಪತ್ರ ಕೊಡಬೇಕು. ಈ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು.

ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಹೊಣೆಯೂ ನಿಮ್ಮದೇ

ಸಾಲ ಸಿಗುತ್ತದೆಂದು ಗಾಡಿಯನ್ನು ಹೆಂಡತಿಯ ಹೆಸರಿನಲ್ಲಿ ಕೊಂಡು, ಗಂಡನೋ ಮೈದುನನೋ ಓಡಿಸುವ ಮನೆಗಳಿವೆ. ಸಹಿ ಹಾಕಿದ ತಾಯಿಗೆ ಹೊಣೆ ಏನೆಂದು ಯಾರೂ ಹೇಳಿರುವುದಿಲ್ಲ. ಆದ್ದರಿಂದ ಈ ಭಾಗವನ್ನು ಎರಡು ಸಲ ಓದಿ.

ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೆ ಓಡಿಸಿದವರ ಜೊತೆಗೆ ಮಾಲೀಕರಿಗೂ ಶಿಕ್ಷೆ ಇದೆ. ಕಾಯ್ದೆಯಲ್ಲಿ ಮಾಲೀಕರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ. ದಂಡ, ಅಥವಾ ಎರಡೂ ಎಂದಿದೆ. 18 ತುಂಬದ ಮಗ ಓಡಿಸಿ ಅನಾಹುತ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂ. ದಂಡ. ಗಾಡಿಯ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ವಿಮೆಯ ಪೆಟ್ಟು ಇದಕ್ಕಿಂತ ದೊಡ್ಡದು. ಲೈಸೆನ್ಸ್ ಇಲ್ಲದವರು ಓಡಿಸುವಾಗ ಅಪಘಾತವಾದರೆ, ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಆಗ ಹೋಗುವುದು ಜಮೀನು, ಕೊಟ್ಟಿಗೆಯ ಹಸು.

ಇನ್ನು ಮಾಲೀಕ-ಚಾಲಕರಿಗೆ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ ಇದೆ. ಅದು ಸಿಗಬೇಕಾದರೆ ಮಾಲೀಕರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಅಂದರೆ ಗಾಡಿ ನಿಮ್ಮ ಹೆಸರಿನಲ್ಲಿದ್ದೂ ಲೈಸೆನ್ಸ್ ಇಲ್ಲದಿದ್ದರೆ ಆ ರಕ್ಷಣೆ ನಿಮಗಿಲ್ಲ. ನೀವು ದಿನವೂ ಓಡಿಸದಿದ್ದರೂ ಲೈಸೆನ್ಸ್ ಮಾಡಿಸಿಕೊಳ್ಳಿ ಎನ್ನಲು ಇದೊಂದೇ ಕಾರಣ ಸಾಕು.

ಗೂಡ್ಸ್ ಗಾಡಿಯ ಹಿಂದೆ ಜನರನ್ನು ಕೂರಿಸಬೇಡಿ. ಸಂತೆಗೆ, ಕೂಲಿಗೆ, ಜಾತ್ರೆಗೆ ಹೀಗೆ ಹತ್ತಿದವರಿಗೆ ಏನಾದರೂ ಆದರೆ ಪರಿಹಾರದ ಹೊಣೆ ಮಾಲೀಕರ ತಲೆಗೆ ಬರುತ್ತದೆ. ಹೊರೆಯ ಲೆಕ್ಕವೂ ಇರಲಿ. 40 ಲೀಟರ್ ಹಾಲು ಸುಮಾರು 41 ಕೆ.ಜಿ. ತೂಗುತ್ತದೆ. 20 ಕ್ಯಾನ್ ಎಂದರೆ ಹಾಲೇ 820 ಕೆ.ಜಿ. ಆಯಿತು, ಕ್ಯಾನಿನ ತೂಕ ಬೇರೆ. ಗಾಡಿಯ ಮಿತಿ ಮೀರಿದರೆ ದಂಡ ಆಮೇಲಿನ ಮಾತು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದೇ ಕಷ್ಟ.

ಸ್ಟೇರಿಂಗ್ ಹಿಡಿದ ಮೇಲೂ ಕೊಟ್ಟಿಗೆ ನಡೆಯಬೇಕು

ಇದು ನನ್ನ ಕೆಲಸದ ಮಾತು. ಬಾಡಿಗೆಯಿಂದ ಬಂದದ್ದು ಕೊಟ್ಟಿಗೆಯಲ್ಲಿ ಸೋರಿಹೋಗಬಾರದು.

ಹಾಲು ಕರೆಯುವ ಹೊತ್ತು: ಹಸುವಿಗೆ ಹೊತ್ತು ಗೊತ್ತು. ದಿನಕ್ಕೊಂದು ವೇಳೆಯಲ್ಲಿ ಕರೆದರೆ ಹಾಲು ಇಳಿಯುತ್ತದೆ, ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಬೆಳಗಿನ ಹಾಲಿನ ಮಾರ್ಗದ ಕೆಲಸ ಒಪ್ಪಿಕೊಳ್ಳುವ ಮೊದಲು ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ಕರೆಯುವವರು ಯಾರು ಎಂದು ತೀರ್ಮಾನಿಸಿ. ವೇಳೆ ಬದಲಿಸಲೇಬೇಕಾದರೆ ದಿನಕ್ಕೆ ಕಾಲು ಗಂಟೆಯಂತೆ ನಿಧಾನವಾಗಿ ಬದಲಿಸಿ.

ಬೆದೆ: ಬೆದೆಯ ಲಕ್ಷಣ ಹೆಚ್ಚಾಗಿ ಕಾಣುವುದು ಮುಂಜಾನೆ ಮತ್ತು ಸಂಜೆ. ನೀವು ರಸ್ತೆಯಲ್ಲಿರುವಾಗ ಲೋಳೆ ಸೋರಿದ್ದನ್ನು, ಹಸು ಕೂಗಿದ್ದನ್ನು ಗಮನಿಸಲು ಅತ್ತೆಗೋ ಮಕ್ಕಳಿಗೋ ಹೇಳಿಕೊಟ್ಟಿರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು, ಅಷ್ಟು ದಿನದ ಮೇವಿನ ಖರ್ಚು ದಂಡ.

ಸೋಂಕು: ಕಾಲುಬಾಯಿ ರೋಗದ ವೈರಾಣು ಗಾಡಿಯ ಚಕ್ರ, ಪಾದರಕ್ಷೆ, ಮೇವಿನ ಜೊತೆಗೂ ಬರುತ್ತದೆ. ಊರೂರು ತಿರುಗುವ ಗಾಡಿಯನ್ನು ಕೊಟ್ಟಿಗೆಯಿಂದ ದೂರ ನಿಲ್ಲಿಸಿ. ಸುತ್ತಮುತ್ತ ರೋಗದ ಸುದ್ದಿ ಇದ್ದರೆ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಚಕ್ರ ಮತ್ತು ಗಾಡಿಯ ತಳವನ್ನು ತೊಳೆಯಿರಿ. ಕೊಟ್ಟಿಗೆಗೆ ಹೋಗುವ ಮುನ್ನ ಚಪ್ಪಲಿ, ಸೀರೆ ಬದಲಿಸಿ. ಲಸಿಕೆ ತಪ್ಪಿಸಬೇಡಿ.

ಹಾಲಿನ ಜೊತೆ ಬೇರೆ ಸರಕು ಬೇಡ: ಕೀಟನಾಶಕ, ಗೊಬ್ಬರ, ಡೀಸೆಲ್ ಕ್ಯಾನಿನ ಜೊತೆ ಹಾಲು ಸಾಗಿಸಬೇಡಿ. ಬಿಸಿಲಿನಲ್ಲಿ ಕ್ಯಾನುಗಳಿಗೆ ಒದ್ದೆ ಗೋಣಿ ಹೊದಿಸಿ. ದಾರಿಯಲ್ಲಿ ತಡವಾದಷ್ಟೂ ಹಾಲು ಹುಳಿಯಾಗಿ ತಿರಸ್ಕೃತವಾಗುವ ಸಂಭವ ಹೆಚ್ಚು. ಆಗ ಇಡೀ ಊರಿನ ಶ್ರಮ ಚರಂಡಿ ಪಾಲು.

ರಾಸು ಸಾಗಣೆ: ಇದಕ್ಕೆ ಬೇರೆಯೇ ನಿಯಮಗಳಿವೆ. ಪಶುವೈದ್ಯರ ಪ್ರಮಾಣಪತ್ರ ಬೇಕು. ಒಂದು ಹಸುವಿಗೆ 2 ಮೀಟರ್ ಉದ್ದ, 1 ಮೀಟರ್ ಅಗಲದ ಜಾಗ ಬೇಕು. "ಹೋಗೋದು ಪಕ್ಕದೂರಿಗೆ ತಾನೇ" ಎಂದು ಯಾರಾದರೂ ಹಗ್ಗ ಹಿಡಿದು ಬಂದರೆ, ಹತ್ತಿಸುವ ಮೊದಲು ನಿಮ್ಮ ಪಶುವೈದ್ಯರನ್ನು ಕೇಳಿ.

ಗಾಡಿ ಹೊರಡುವ ಮುನ್ನ ಇಷ್ಟು ನೋಡಿಕೊಳ್ಳಿ

• ನಿಮ್ಮ ಕಾರ್ಡಿನಲ್ಲಿ ಎಲ್‌ಎಂವಿ ಇದೆಯೇ, ಅವಧಿ ಇದೆಯೇ?
• ಆರ್‌ಸಿಯಲ್ಲಿ ಒಟ್ಟು ತೂಕ 7,500 ಕೆ.ಜಿ. ಒಳಗಿದೆಯೇ?
• ವಿಮೆ, ಎಫ್‌ಸಿ, ಹೊಗೆ ತಪಾಸಣಾ ಪತ್ರ ಚಾಲ್ತಿಯಲ್ಲಿವೆಯೇ?
• ಒಟ್ಟು ತೂಕ 3,000 ಕೆ.ಜಿ. ಮೀರಿದ ಗಾಡಿಯಾದರೆ ಪರ್ಮಿಟ್ ಇದೆಯೇ? (ಅದರೊಳಗಿನ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ.)
• ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರುತ್ತೀರಾ, ಇಲ್ಲವಾದರೆ ಕರೆಯುವವರು ಯಾರು?

ಎಮ್ಮೆಯ ಹಗ್ಗ ಹಿಡಿದು ಪಳಗಿದ ಕೈಗೆ ಸ್ಟೇರಿಂಗ್ ಕಷ್ಟವಲ್ಲ. ಏಳೆಂಟು ಜನ ಒಟ್ಟಾಗಿ ಡ್ರೈವಿಂಗ್ ಶಾಲೆಗೆ ಸೇರಿದರೆ ಶುಲ್ಕದಲ್ಲಿ ರಿಯಾಯಿತಿ ಕೇಳಬಹುದು, ಹೋಗಿಬರಲು ಜೊತೆಯೂ ಆಗುತ್ತದೆ. ನಿಮ್ಮ ಮಹಿಳಾ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಹೋಗುವಾಗ ಮನೆಯ ಗಾಡಿಯ ಆರ್‌ಸಿಯನ್ನೂ ವಿಮೆಯ ಕಾಗದವನ್ನೂ ಕೈಯಲ್ಲಿ ಹಿಡಿದು ಹೋಗಿ. ಅದರಲ್ಲಿ ಯಾರ ಹೆಸರಿದೆ ಎಂದು ಮೊದಲು ಓದಿ.

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ