ಮ್ಯಾರಥಾನ್ ಓಟಗಾರರಿಗೆ ನೀರೇ ಮುಳುವಾದಾಗ

ಬೆಳಿಗ್ಗೆ ಎದ್ದೊಡನೆ ತಂಬಿಗೆ ತುಂಬ ನೀರು ಕುಡಿಯಬೇಕು, ಆಟವಾಡಿ ಬೆವರಿ ಬಂದ ಮಗುವಿಗೆ ಮೊದಲು ನೀರು ಕೊಡಬೇಕು ಎಂಬುದು ನಮ್ಮ ಮನೆಗಳ ರೂಢಿ. ನೀರು ಕಡಿಮೆಯಾದರೆ ಕೆಡುಕೆಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಪ್ರಾಣಾಪಾಯ ಉಂಟೆಂದರೆ ನಂಬುವವರು ವಿರಳ. ಇದನ್ನು ವೈದ್ಯಲೋಕಕ್ಕೆ ಚೆನ್ನಾಗಿ ಮನದಟ್ಟು ಮಾಡಿಸಿದ್ದು ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್.

ಪ್ರತಿವರ್ಷ ನಡೆಯುವ ಮ್ಯಾರಥಾನ್‌ಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. 1897ರ ಏಪ್ರಿಲ್ 19ರಂದು ಮೊದಲ ಓಟಕ್ಕೆ ನಿಂತವರು 15 ಮಂದಿ ಮಾತ್ರ. ಸುಮಾರು 39 ಕಿ.ಮೀ. ದೂರವನ್ನು 2 ಗಂಟೆ 55 ನಿಮಿಷ 10 ಸೆಕೆಂಡುಗಳಲ್ಲಿ ಕ್ರಮಿಸಿ ಜಾನ್ ಮೆಕ್‌ಡರ್ಮಟ್ ಗೆದ್ದ. ಸರಿಯಾಗಿ 42.195 ಕಿ.ಮೀ. ಆದದ್ದು 1927ರಲ್ಲಿ. ಮಹಿಳೆಯರಿಗೆ ಅಧಿಕೃತ ಪ್ರವೇಶ ದೊರೆಯಲು 1972ರವರೆಗೆ ಕಾಯಬೇಕಾಯಿತು. ಅದಕ್ಕೂ 6 ವರ್ಷ ಮೊದಲೇ ರಾಬರ್ಟಾ ಗಿಬ್ ಎಂಬಾಕೆ ಪೊದೆಯ ಮರೆಯಲ್ಲಿ ಕಾದು, ಗಂಡಸರ ನಡುವೆ ಸೇರಿಕೊಂಡು ಇಡೀ ಓಟವನ್ನು ಮುಗಿಸಿದ್ದಳು! 2025ರಲ್ಲಿ ಕೀನ್ಯಾದ ಜಾನ್ ಕೊರಿರ್ 2 ಗಂಟೆ 4 ನಿಮಿಷ 45 ಸೆಕೆಂಡುಗಳಲ್ಲಿ ಗೆದ್ದರೆ, ಅದೇ ದೇಶದ ಶಾರನ್ ಲೊಕೆಡಿ 2 ಗಂಟೆ 17 ನಿಮಿಷ 22 ಸೆಕೆಂಡುಗಳಲ್ಲಿ ಓಡಿ ಮಹಿಳೆಯರ ಹೊಸ ಕೂಟ ದಾಖಲೆ ಬರೆದಳು.

ಹಿಂದಿನ ಓಟಗಾರರಲ್ಲಿ ದಾರಿಯಲ್ಲಿ ನೀರು ಕುಡಿಯುವುದು ದೌರ್ಬಲ್ಯವೆಂಬ ಭಾವನೆಯಿತ್ತು. 1982ರ ಬಿಸಿಲಿನ ಓಟದಲ್ಲಿ ಆಲ್ಬರ್ಟೊ ಸಲಜಾರ್ ತೀರಾ ಕಡಿಮೆ ನೀರು ಕುಡಿದು, ಡಿಕ್ ಬಿಯರ್ಡ್‌ಸ್ಲಿ ಎದುರು ಕೂದಲೆಳೆಯ ಅಂತರದಲ್ಲಿ ಗೆದ್ದು ಕುಸಿದ. ರಕ್ತನಾಳದ ಮೂಲಕ ಲೀಟರ್‌ಗಟ್ಟಲೆ ಲವಣದ ದ್ರಾವಣ ಕೊಡಬೇಕಾಯಿತು.

ಮುಂದೆ ಸಲಹೆ ತಿರುಗುಮುರುಗಾಯಿತು. ಹೊಟ್ಟೆ ತಡೆಯುವಷ್ಟು ನೀರು ಕುಡಿಯಿರಿ, ಬಾಯಾರಿಕೆಗೆ ಕಾಯಬೇಡಿ ಎಂಬುದು 1990ರ ದಶಕದ ಮಂತ್ರ. ಪಾನೀಯ ಮಾರುವವರಿಗೂ ಇದು ಹಿತವಾದ ಮಾತೇ ಆಗಿತ್ತು ಎನ್ನಿ. 2002ರ ಬಾಸ್ಟನ್ ಓಟದಲ್ಲಿ 28 ವರ್ಷದ ಯುವತಿಯೊಬ್ಬಳು ಕುಸಿದು ಮೃತಪಟ್ಟಳು. ಕಾರಣ ನೀರಿನ ಕೊರತೆಯಲ್ಲ. ದೇಹದಲ್ಲಿ ನೀರು ಮಿತಿಮೀರಿ, ರಕ್ತದ ಸೋಡಿಯಂ ಇಳಿದು, ಮಿದುಳು ಊದಿಕೊಂಡಿತ್ತು.

ಅದೇ ಓಟದಲ್ಲಿ 488 ಮಂದಿಯ ರಕ್ತವನ್ನು ಸಂಶೋಧಕರು ಪರೀಕ್ಷಿಸಿದ್ದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಬೆಚ್ಚಿಬೀಳಿಸುವಂತಿತ್ತು. ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು; ಮೂವರದು ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಓಟ ಮುಗಿಯುವಾಗ ತೂಕ ಏರಿದ್ದವರು ಹಾಗೂ 4 ಗಂಟೆಗಿಂತ ಹೆಚ್ಚು ಕಾಲ ಓಡಿದವರಿಗೆ ಅಪಾಯ ಹೆಚ್ಚು. ಕುಡಿದದ್ದು ಬರೀ ನೀರೋ, ಲವಣ ಸೇರಿದ ಕ್ರೀಡಾ ಪಾನೀಯವೋ ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿರುವ ಉಪ್ಪು ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ.

ಮುಂಚೂಣಿಯ ಓಟಗಾರನಿಗೆ ಹೆಚ್ಚು ಕುಡಿಯಲು ಪುರುಸೊತ್ತೆಲ್ಲಿ? ನಿಧಾನವಾಗಿ ಸಾಗುವವರು ದಾರಿಯುದ್ದಕ್ಕೂ ಇಟ್ಟ ಮೇಜುಗಳಲ್ಲಿ ಒಂದೊಂದು ಲೋಟ ಕುಡಿಯುತ್ತಾ ಹೋಗುತ್ತಾರೆ. ಜೊತೆಗೆ, ದೀರ್ಘ ಶ್ರಮದಲ್ಲಿ ದೇಹ ನೀರನ್ನು ಹಿಡಿದಿಡುವ ಹಾರ್ಮೋನನ್ನು ಸ್ರವಿಸುವುದರಿಂದ ಮೂತ್ರಪಿಂಡ ಹೆಚ್ಚುವರಿ ನೀರನ್ನು ಹೊರಹಾಕಲಾರದು.

ಬೆಂಗಳೂರಿನ 10 ಕಿ.ಮೀ. ಓಟ 2008ರಲ್ಲಿ ಆರಂಭವಾದ ಮೇಲೆ ನಮ್ಮಲ್ಲೂ ಗೃಹಿಣಿಯರು, ನಿವೃತ್ತರು ಬೂಟು ಕಟ್ಟುತ್ತಿದ್ದಾರೆ. 10 ಕಿ.ಮೀ.ಗೆ ಇಂಥ ಅಪಾಯ ತೀರಾ ಕಡಿಮೆ. ಅಲ್ಲಿಂದ ಮ್ಯಾರಥಾನ್‌ಗೆ ಬಡ್ತಿ ಪಡೆಯುವವರು ಎಚ್ಚರದಿಂದಿರಬೇಕು. ಬಾಯಾರಿದಾಗ ಕುಡಿಯಿರಿ, ಸಾಕು. ಅಭ್ಯಾಸದ ದಿನ ಓಟಕ್ಕೆ ಮೊದಲೂ ನಂತರವೂ ತೂಕ ನೋಡಿಕೊಳ್ಳಿ. ತೂಕ ಸ್ವಲ್ಪ ಇಳಿಯುವುದು ಸಹಜ, ಏರಿದ್ದರೆ ಕುಡಿದದ್ದು ಹೆಚ್ಚಾಯಿತೆಂದೇ ಅರ್ಥ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರನ್ನು ಕೇಳಬೇಕು.

ಓಟದ ಸಮಯದಲ್ಲಿ ಅಥವಾ ಮುಗಿದ ಮೇಲೆ ಯಾರಿಗಾದರೂ ತಲೆನೋವು, ವಾಂತಿ, ಬೆರಳುಗಳ ಊತ ಕಂಡರೆ, ಮಾತು ತಡವರಿಸಿದರೆ, ಬಲವಂತವಾಗಿ ನೀರು ಕುಡಿಸಬೇಡಿ. ತಕ್ಷಣ ವೈದ್ಯಕೀಯ ಶಿಬಿರಕ್ಕೆ ಕರೆದೊಯ್ಯಿರಿ. ಎಷ್ಟು ಕುಡಿದರೆಂಬುದನ್ನೂ ತಿಳಿಸಿ. ಸೋಡಿಯಂ ಇಳಿದಿರುವುದು ಖಚಿತವಾದರೆ ವೈದ್ಯರು ಕೊಡುವುದು ಶೇ. 3ರ ಗಾಢ ಉಪ್ಪಿನ ದ್ರಾವಣವನ್ನು, ಸಾಮಾನ್ಯ ಡ್ರಿಪ್ಪನ್ನಲ್ಲ.